ದೋಣಿಗೂ ಮೊದಲು ದಂಡೆ ಕೊಡಿ

ಹೊಳೆ ದಾಟುವ ಸಾರಿಗೆಯ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳಿಗೆ ಹಾಗೂ ನಮ್ಮ ಭಾಗದ ಜನಪ್ರತಿನಿಧಿಗಳಿಗೆ,

ಯಾದಗಿರಿ ಜಿಲ್ಲೆಯ ಕೃಷ್ಣಾ, ಭೀಮಾ ದಂಡೆಯ ದೋಣಿ ಕೆಲಸದವರ ನಮಸ್ಕಾರಗಳು.

ವಿಷಯ: ಜನ ಮತ್ತು ವಾಹನ ಹೊರುವ ದೋಣಿಯನ್ನು ನಮ್ಮ ಹೊಳೆಗೆ ತರುವ ಮುನ್ನ ಮಾಡಲೇಬೇಕಾದ ಕೆಲಸಗಳು.

ಮಾನ್ಯರೇ,

ಕಾರು, ಟ್ರ್ಯಾಕ್ಟರ್ ಹತ್ತುವಂಥ ದೊಡ್ಡ ದೋಣಿ ನಮ್ಮ ಕಡೆಗೂ ಬರಬೇಕೆಂಬ ಬೇಡಿಕೆ ಹಳೆಯದು. ಕೇಳಿದವರಲ್ಲಿ ನಾವೂ ಇದ್ದೇವೆ. ಹೊಳೆಗೆ ಮಹಾಪೂರ ಬಂದು ರಸ್ತೆ ಕಡಿದಾಗ, ಆಚೆ ದಂಡೆಯ ಹೊಲದಲ್ಲಿ ಹತ್ತಿ ಒಡೆದು ನಿಂತು ಬಿಡಿಸಲು ಆಳು ಹೋಗಲಾಗದಾಗ ಈ ಮಾತು ಮತ್ತೆ ಏಳುತ್ತದೆ. ಆಗೆಲ್ಲ ಚರ್ಚೆ ನಡೆಯುವುದು ದೋಣಿಯ ಬೆಲೆ ಎಷ್ಟು, ಎಷ್ಟು ಮಂದಿ ಹಿಡಿಯುತ್ತಾರೆ, ಯಾವಾಗ ಬರುತ್ತದೆ ಎಂಬುದರ ಮೇಲೆ. ಆ ದೋಣಿ ಬಂದು ಎಲ್ಲಿ ನಿಲ್ಲಬೇಕು, ಗಾಡಿ ಅದರೊಳಗೆ ಹೇಗೆ ಇಳಿಯಬೇಕು ಎಂದು ಇದುವರೆಗೆ ಯಾವ ಸಭೆಯಲ್ಲೂ ಯಾರೂ ನಮ್ಮನ್ನು ಕೇಳಿಲ್ಲ. ವಾಹನ ಹೊರುವ ದೋಣಿಯ ಅರ್ಧ ಕೆಲಸ ನೀರಿನಲ್ಲಿದ್ದರೆ ಇನ್ನರ್ಧ ದಂಡೆಯಲ್ಲಿರುತ್ತದೆ. ದಂಡೆಯ ಕೆಲಸ ಮಾಡದೆ ದೋಣಿ ತಂದರೆ ಮೊದಲ ಬೇಸಿಗೆಗೇ ಅದು ಕೆಸರಿನಲ್ಲಿ ಕೂತು ತುಕ್ಕು ಹಿಡಿಯುತ್ತದೆ. ಅದಕ್ಕಾಗಿ ಈ ಪತ್ರ.

ಮೊದಲಿಗೆ, ದೋಣಿ ಎಲ್ಲಿ ನಡೆದೀತು, ಎಲ್ಲಿ ನಡೆಯದು ಎಂಬುದು ತಮಗೆ ಸ್ಪಷ್ಟವಾಗಬೇಕು. ನಾರಾಯಣಪುರದ ಬಸವಸಾಗರ ಅಣೆಕಟ್ಟೆಯ ಕೆಳಗೆ ಕೃಷ್ಣೆ ಬಂಡೆಗಳ ನಡುವೆ ಸೀಳಿಕೊಂಡು ಹರಿಯುತ್ತಾಳೆ. ಛಾಯಾ ಭಗವತಿಯಿಂದ ತಿಂಥಣಿಯ ಕಡೆಗೆ ಸಾಗುವ ಪಾತ್ರದಲ್ಲಿ ಕಲ್ಲುಹಾಸು, ಗಡ್ಡೆ, ಕವಲು, ಮಡು ಒಂದರ ಹಿಂದೊಂದು ಬರುತ್ತವೆ. ಅಲ್ಲಿ ಎಂಟು ಹತ್ತು ಅಡಿ ಅಗಲದ ಹರಿಗೋಲು ನಡೆಯುತ್ತದೆ. ಅದಕ್ಕೆ ಗೇಣುದ್ದ ನೀರು ಸಾಕು, ಬಂಡೆಗೆ ತಾಗಿದರೂ ಬಿದಿರು ಬಾಗಿ ತಪ್ಪಿಸಿಕೊಳ್ಳುತ್ತದೆ. ಕಬ್ಬಿಣದ ತಳವಿರುವ ದೋಣಿ ಹಾಗೆ ಬಾಗುವುದಿಲ್ಲ. ಆದ್ದರಿಂದ ಅಣೆಕಟ್ಟೆಯ ಕೆಳಗಿನ ಗಡ್ಡಿಗಳಿಗೆ, ಅಂದರೆ ಹೊಳೆಯ ನಡುಗಡ್ಡೆಗಳಿಗೆ, ಬೇಕಾದದ್ದು ಸೇತುವೆಯೇ ಹೊರತು ವಾಹನದ ದೋಣಿಯಲ್ಲ. ಕಕ್ಕೇರಾ ಹತ್ತಿರದ ನೀಲಕಂಠರಾಯನಗಡ್ಡಿಯಿಂದ 2014ರಲ್ಲಿ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆ ಕಟ್ಟಿಕೊಂಡು ತುಂಬಿದ ಹೊಳೆ ಈಜಿ ದಾಟಿದ್ದನ್ನು ದೇಶವೇ ಓದಿತು. ಅಂಥ ಜಾಗಕ್ಕೆ ದೋಣಿಯ ಭರವಸೆ ಕೊಟ್ಟು ಸೇತುವೆಯ ಕೆಲಸ ಮುಂದೂಡಬೇಡಿರಿ.

ವಾಹನದ ದೋಣಿ ನಡೆಯುವುದು ನಿಂತ ನೀರಿನಲ್ಲಿ, ಅಂದರೆ ಬಸವಸಾಗರದ ಹಿನ್ನೀರಿನಲ್ಲಿ ಮತ್ತು ಭೀಮೆಯ ಮೇಲೆ ಸನ್ನತಿ, ಗುರುಸಣಗಿಯಂಥ ಬ್ಯಾರೇಜುಗಳ ಹಿಂದೆ ನೀರು ತುಂಬಿರುವ ಕಡೆ. ಬ್ಯಾರೇಜಿನ ಗೇಟು ಎತ್ತಿದರೆ ಅದೂ ಇಲ್ಲ. ಕೇಂದ್ರದ 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆ ತೆಲಂಗಾಣದ ವಜೀರಾಬಾದಿನಿಂದ ಗಲಗಲಿಯವರೆಗಿನ ಕೃಷ್ಣೆಯನ್ನು ರಾಷ್ಟ್ರೀಯ ಜಲಮಾರ್ಗ 4ಕ್ಕೆ ಸೇರಿಸಿದೆ. ಭೀಮೆಯೂ ಆ ಕಾಯ್ದೆಯ ಪಟ್ಟಿಯಲ್ಲಿದ್ದಾಳೆ. ಕಾಗದದಲ್ಲಿ ನಮ್ಮ ಎರಡೂ ಹೊಳೆಗಳು ಜಲಮಾರ್ಗಗಳು. ದಂಡೆಗೆ ಬಂದು ನೋಡಿದರೆ ದೋಣಿ ಕಟ್ಟಲು ಒಂದು ಗೂಟವೂ ಕಾಣುವುದಿಲ್ಲ.

ಈಗ ದಂಡೆಯ ವಿಚಾರ.

ಬಸವಸಾಗರದ ತುಂಬು ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್. ಕಾಲುವೆಗೆ ವಾರಾಬಂದಿಯಲ್ಲಿ, ಅಂದರೆ ಸರದಿಯ ಮೇಲೆ, ನೀರು ಬಿಟ್ಟಂತೆ, ಮೇಲಿನ ಆಲಮಟ್ಟಿಯಿಂದ ಬಂದಂತೆ ಈ ಮಟ್ಟ ಏರಿಳಿಯುತ್ತದೆ. ಕಾಲುವೆ ನಿಂತು ಬೇಸಿಗೆ ಬಲಿತ ಮೇಲಂತೂ ಇಳಿಯುತ್ತಲೇ ಹೋಗುತ್ತದೆ. ನಮ್ಮ ಎರೆ ಹೊಲಗಳ ದಂಡೆ ಬಹಳ ಸಪಾಟು. ನೂರು ಅಡಿಗೆ ಒಂದು ಅಡಿ ಇಳಿಯುವ ದಂಡೆಯಲ್ಲಿ ನೀರು ಒಂದು ಅಡಿ ಕೆಳಗಾದರೆ ಅದರ ಅಂಚು ನೂರು ಅಡಿ ಹಿಂದೆ ಸರಿಯುತ್ತದೆ. ಬಿಟ್ಟುಹೋದ ಜಾಗದಲ್ಲಿ ಉಳಿಯುವುದು ಮೊಣಕಾಲು ಹೂತುಹೋಗುವ ಎರೆಕೆಸರು. ಮೇಲೆ ಹಪ್ಪಳದಂತೆ ಒಣಗಿರುತ್ತದೆ, ಕಾಲಿಟ್ಟರೆ ಒಳಗೆ ಬೆಣ್ಣೆ. ಬೈಕಿನವರು ಅದರ ಮೇಲೆ ಜೋಳದ ದಂಟು, ಜಾಲಿಕಂಟಿ ಹಾಸಿ ದಾಟಿಸುತ್ತಾರೆ. ಕಾರು, ಮೂರು ಗಾಲಿಯ ಟಂಟಂ ಅಲ್ಲಿಗೆ ಇಳಿದರೆ ಹೊರಗೆ ಎಳೆಯಲು ಟ್ರ್ಯಾಕ್ಟರೇ ಬೇಕು.

ಇದಕ್ಕೆ ಇರುವ ಪರಿಹಾರ ಒಂದೇ. ತುಂಬು ಮಟ್ಟದ ಮೇಲಿನಿಂದ ಹಿಡಿದು ಅತಿ ಕಡಿಮೆ ಮಟ್ಟಕ್ಕೂ ಕೆಳಗಿನವರೆಗೆ ಒಂದೇ ಸಮನೆ ಇಳಿಯುವ ಕಾಂಕ್ರೀಟ್ ಇಳಿಜಾರು ಕಟ್ಟುವುದು. ಹತ್ತು ಅಡಿ ಉದ್ದಕ್ಕೆ ಒಂದು ಅಡಿ ಇಳಿತ ಇರಲಿ. ಅದಕ್ಕಿಂತ ಕಡಿದಾದರೆ ತೊಗರಿ ಚೀಲ ಹೇರಿದ ಟ್ರಾಲಿಯನ್ನು ಒದ್ದೆ ಕಾಂಕ್ರೀಟಿನ ಮೇಲೆ ಟ್ರ್ಯಾಕ್ಟರು ಎಳೆಯಲಾರದು, ಮುಂದಿನ ಗಾಲಿ ಎತ್ತಿಬಿಡುತ್ತದೆ. ತೀರ ಸಪಾಟಾದರೆ ದೋಣಿಯ ತಳ ನೆಲಕ್ಕೆ ತಾಗಿ, ಗಾಡಿ ಹತ್ತಿಸುವ ಮುಂದಿನ ಹಲಗೆ ದಂಡೆ ಮುಟ್ಟುವ ಮೊದಲೇ ದೋಣಿ ನಿಂತುಬಿಡುತ್ತದೆ. ನೀರಿನ ಏರಿಳಿತ 15 ಅಡಿ ಎಂದು ಹಿಡಿದರೆ ಇಳಿಜಾರಿಗೇ 150 ಅಡಿ ಬೇಕು. ಎರಡು ಅಡಿ ನೀರು ಕೇಳುವ ದೋಣಿಗೆ ಕೆಳಗೆ ಒಂದು ಅಡಿ ತೆರಪು ಬಿಟ್ಟರೆ ಅತಿ ಕಡಿಮೆ ಮಟ್ಟದಿಂದ ಇನ್ನೂ 30 ಅಡಿ ನೀರೊಳಗೆ ಹೋಗಬೇಕು. ಹೀಗೆ ಸುಮಾರು 180 ಅಡಿ ಆಯಿತು, ಅದೂ ಎರಡೂ ದಂಡೆಗಳಲ್ಲಿ. ಅಗಲ 20 ಅಡಿಗೆ ಕಡಿಮೆಯಾದರೆ ಇಳಿಯುವ ಗಾಡಿಗೂ ಹತ್ತಲು ಕಾದವರಿಗೂ ಜಾಗವಾಗದೆ ಗದ್ದಲವಾಗುತ್ತದೆ. ನಲವತ್ತು ಅಡಿಯ ಇಳಿಜಾರು ಕಟ್ಟಿ ಫಲಕ ಹಾಕಿದರೆ ಅದು ಆಗಸ್ಟಿನಿಂದ ಡಿಸೆಂಬರಿನವರೆಗೆ ಮಾತ್ರ ನೀರು ಮುಟ್ಟೀತು. ಉಳಿದ ತಿಂಗಳು ಅದರ ಮೇಲೆ ಮೆಣಸಿನಕಾಯಿ ಒಣಹಾಕುತ್ತಾರೆ.

ಕಟ್ಟುವ ರೀತಿಯೂ ಮುಖ್ಯ. ಎರೆಮಣ್ಣಿನ ಮೇಲೆ ನೇರ ಕಾಂಕ್ರೀಟ್ ಸುರಿಯಬಾರದು. ಎರೆ ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಗೇಣಗಲ ಬಿರಿಯುತ್ತದೆ. ಮೇಲಿನ ಹಾಸು ಎರಡು ವರ್ಷಕ್ಕೆ ತುಂಡಾಗುತ್ತದೆ. ಎರೆಯನ್ನು ಅಗೆದು ತೆಗೆದು ಗರಸು ತುಂಬಿ ರೋಲರ್ ಹೊಡೆದು, ಕಲ್ಲು ಕೂಡಿಸಿ, ಅದರ ಮೇಲೆ ಸರಳು ಕಟ್ಟಿದ ಎಂಟು ಇಂಚಿನ ಹಾಸು ಹಾಕಬೇಕು. ಹಾಸಿನ ಮೇಲೆ ಅಡ್ಡ ಗೀರು ಹೊಡೆಯಲೇಬೇಕು. ನುಣ್ಣಗೆ ಮಾಡಿಬಿಟ್ಟರೆ ತಿಂಗಳೊಳಗೆ ಪಾಚಿ ಹಿಡಿದು ಬೈಕು ಜಾರುತ್ತವೆ. ಇನ್ನು ಎಲ್ಲರೂ ಮರೆಯುವ ಒಂದು ಭಾಗವಿದೆ, ಇಳಿಜಾರಿನ ನೀರೊಳಗಿನ ತುದಿ. ದೋಣಿ ದಂಡೆಗೆ ಒತ್ತಿಕೊಂಡು ನಿಲ್ಲಲೆಂದು ಇಂಜಿನ್ ಓಡುತ್ತಲೇ ಇರುತ್ತದೆ, ಹಿಂದೆ ಸರಿಯುವಾಗಲಂತೂ ದೋಣಿ ನೂಕುವ ಪಂಖದ ನೀರು ನೇರ ಆ ತುದಿಗೆ ಹೊಡೆಯುತ್ತದೆ. ದಿನಕ್ಕೆ ಇಪ್ಪತ್ತು ಸಲ ಹೊಡೆದರೆ ಹಾಸಿನ ಕೆಳಗಿನ ಮಣ್ಣು ಕೊಚ್ಚಿಹೋಗಿ ಪೊಳ್ಳಾಗುತ್ತದೆ. ಮೇಲಿನಿಂದ ಏನೂ ಕಾಣುವುದಿಲ್ಲ. ಒಂದು ದಿನ ಹೇರಿದ ಟ್ರಾಲಿಯ ಗಾಲಿ ಅಲ್ಲಿಗೆ ಬಂದಾಗ ಹಾಸು ಮುರಿದು ಗಾಡಿ ಹೊಳೆಗೆ ವಾಲುತ್ತದೆ. ಅದಕ್ಕೇ ತುದಿಯಲ್ಲಿ ಆಳವಾದ ತಡೆಗೋಡೆ ಕಟ್ಟಿ, ಅದರ ಮುಂದೆ ದೊಡ್ಡ ಕಲ್ಲು ಸುರಿಯಬೇಕು. ಎಸ್ಟಿಮೇಟಿನಲ್ಲಿ ಖರ್ಚು ಉಳಿಸಲು ಮೊದಲು ಕಡಿತವಾಗುವುದು ಈ ಗೋಡೆಯೇ ಆಗಿರುತ್ತದೆ. ಅದನ್ನು ಕಡಿಯಬೇಡಿ.

ದೋಣಿ ಕಟ್ಟುವ ಗೂಟಗಳನ್ನು ಇಳಿಜಾರಿನ ಎರಡೂ ಬದಿಗೆ ಇಪ್ಪತ್ತು ಅಡಿಗೊಂದರಂತೆ ನೆಡಿಸಿ. ನೀರು ಸರಿದಂತೆ ದೋಣಿ ನಿಲ್ಲುವ ಜಾಗವೂ ಸರಿಯುತ್ತದೆ, ಮೇಲೆ ಎರಡೇ ಗೂಟವಿದ್ದರೆ ಹಗ್ಗ ಮುಟ್ಟುವುದಿಲ್ಲ. ಈ ಹಗ್ಗದ ಬೆಲೆ ಗಾಡಿ ಹತ್ತುವ ಹೊತ್ತಿನಲ್ಲಿ ತಿಳಿಯುತ್ತದೆ. ಟ್ರ್ಯಾಕ್ಟರಿನ ಮುಂದಿನ ಗಾಲಿ ಹಲಗೆಗೆ ಬಂದೊಡನೆ ದೋಣಿಯ ಮೂತಿ ಕೆಳಗೆ ಕುಸಿದು ಹಿಂಬದಿ ಎದ್ದುಕೊಳ್ಳುತ್ತದೆ, ಗಾಲಿ ಹಲಗೆಯನ್ನು ಹಿಂದಕ್ಕೆ ಒದೆಯುತ್ತದೆ. ಎರಡೂ ಬದಿ ಹಗ್ಗ ಬಿಗಿಯಾಗಿದ್ದು ಇಂಜಿನ್ ಮುಂದಕ್ಕೆ ಒತ್ತಿ ಹಿಡಿದಿದ್ದರೆ ದೋಣಿ ಕದಲುವುದಿಲ್ಲ. ಹಗ್ಗ ಒಂದೇ ಇದ್ದರೆ ದೋಣಿ ಅಡ್ಡ ತಿರುಗುತ್ತದೆ, ಇಲ್ಲದಿದ್ದರೆ ಹಿಂದೆ ಸರಿಯುತ್ತದೆ. ಹಲಗೆಗೂ ದಂಡೆಗೂ ನಡುವೆ ಎರಡು ಅಡಿ ಬಾಯಿ ತೆರೆಯಲು ಉಸಿರು ಬಿಡುವಷ್ಟು ಹೊತ್ತು ಸಾಕು, ಹಿಂದಿನ ಗಾಲಿ ಅದರೊಳಗೆ ಬೀಳುತ್ತದೆ. ವಾಹನದ ದೋಣಿಯ ಅಪಾಯ ನಡುಹೊಳೆಯಲ್ಲಿದೆ ಎಂದು ದೂರದವರು ತಿಳಿಯುತ್ತಾರೆ. ನಮ್ಮ ಎಣಿಕೆಯಲ್ಲಿ ಅದು ಹೆಚ್ಚಾಗಿ ಈ ಎರಡು ಅಡಿಯಲ್ಲಿದೆ.

ದೊಡ್ಡ ದೋಣಿ ಇಲ್ಲದ ಕಡೆ ಈಗ ಏನು ನಡೆಯುತ್ತಿದೆ ಎಂಬುದನ್ನೂ ಮುಚ್ಚಿಡದೆ ಹೇಳುತ್ತೇವೆ. ಕೃಷ್ಣೆಯ ಉದ್ದಕ್ಕೂ ಎರಡು ದೋಣಿಗಳನ್ನು ಜೋಡಿಸಿ, ಮೇಲೆ ಅಡ್ಡ ತೊಲೆ ಕಟ್ಟಿ, ಹಲಗೆ ಹಾಸಿ ಬೈಕು ದಾಟಿಸುವುದುಂಟು, ಕಾರನ್ನೂ ದಾಟಿಸುವುದುಂಟು. ಅನಿವಾರ್ಯಕ್ಕೆ ಹುಟ್ಟಿದ ಜಾಣತನವದು, ಮಾಡುವವರನ್ನು ಬೈಯುವುದು ಸುಲಭ. ಆದರೆ ಅದರ ದೋಷಗಳು ನಮಗೆ ಗೊತ್ತು. ತೊಲೆ ಬಿಗಿಯುವ ನೈಲಾನ್ ಹಗ್ಗ ಒದ್ದೆಯಾದಂತೆ ಹಿಗ್ಗುತ್ತದೆ, ಬೆಳಿಗ್ಗೆ ಬಿಗಿಯಾಗಿದ್ದ ಕಟ್ಟು ಮಧ್ಯಾಹ್ನಕ್ಕೆ ಸಡಿಲ. ಕಾರು ಮೊದಲ ದೋಣಿಯ ಮೇಲೆ ಬಂದಾಗ ಅದು ತಗ್ಗಿ, ಎರಡನೆಯದು ಹಾಗೆಯೇ ಇದ್ದು, ಹಲಗೆ ಓರೆಯಾಗುತ್ತದೆ. ಭಾರವೆಲ್ಲ ದೋಣಿಯ ಅಂಚಿಗಿಂತ ಮೇಲೆ ಇರುವುದರಿಂದ ಒಮ್ಮೆ ವಾಲಿದರೆ ತಾನಾಗಿ ನೆಟ್ಟಗಾಗುವುದು ಕಷ್ಟ. ಎರಡೂ ದೋಣಿಗಳ ಒಡಲು ತೆರೆದಿರುತ್ತದೆ, ತೆರೆ ಹೊಡೆದರೆ ನೀರು ಸೀದಾ ಒಳಗೆ. ನೀರು ಚೆಲ್ಲಲು ಇರುವುದು ಒಂದು ಪ್ಲಾಸ್ಟಿಕ್ ಬುಟ್ಟಿ. ಇದನ್ನು ಬರೀ ನಿಷೇಧಿಸಿದರೆ ಕತ್ತಲಾದ ಮೇಲೆ ನಡೆಯುತ್ತದೆ. ಸುರಕ್ಷಿತವಾದದ್ದು ಬಂದರೆ ತಾನಾಗಿ ನಿಲ್ಲುತ್ತದೆ.

ಇನ್ನು ದೋಣಿ. ಚಪ್ಪಟೆ ತಳದ ಉಕ್ಕಿನ ಪಾಂಟೂನ್ ನಮ್ಮ ಹಿನ್ನೀರಿಗೆ ಸರಿ. ಪೆಟ್ಟಿಗೆಯ ಆಕಾರದ 12 ಮೀಟರ್ ಉದ್ದ, 5 ಮೀಟರ್ ಅಗಲದ ಪಾಂಟೂನ್ ಒಂದು ಸೆಂಟಿಮೀಟರ್ ಮುಳುಗಲು 600 ಕಿಲೋ ಭಾರ ಬೇಕು. ಹೇರಿದ ಟ್ರಾಲಿ ಸಮೇತ ಟ್ರ್ಯಾಕ್ಟರ್ 8 ಟನ್, ಎರಡು ಕಾರು 2.4 ಟನ್, ಇಪ್ಪತ್ತು ಬೈಕು 2.6 ಟನ್, ತಲೆಗೆ 70 ಕಿಲೋದಂತೆ ನಲವತ್ತು ಮಂದಿ 2.8 ಟನ್. ಒಟ್ಟು 15.8 ಟನ್ನಿಗೆ ದೋಣಿ 26 ಸೆಂಟಿಮೀಟರ್ ಇಳಿಯುತ್ತದೆ. ಈ ಲೆಕ್ಕ ಹತ್ತನೇ ತರಗತಿಯ ಮಕ್ಕಳೂ ಮಾಡಬಲ್ಲರು. ಅದಕ್ಕೇ ದೋಣಿಯ ನಾಲ್ಕೂ ಮೂಲೆಗೆ ಭಾರದ ಗೆರೆಯನ್ನು ದಪ್ಪ ಬಣ್ಣದಲ್ಲಿ ಬರೆಸಿ, ದಂಡೆಯಲ್ಲಿ ನಿಂತವರಿಗೂ ಕಾಣುವಂತೆ. ಗೆರೆ ಮುಳುಗಿದರೆ ಯಾರೇ ಇರಲಿ, ಯಾರ ಗಾಡಿಯೇ ಇರಲಿ, ದೋಣಿ ಬಿಡುವುದಿಲ್ಲ ಎಂದು ಹೇಳುವ ಅಧಿಕಾರ ದೋಣಿ ನಡೆಸುವವನಿಗೆ ಲಿಖಿತವಾಗಿ ಬೇಕು. ಬಾಯಿಮಾತಿನ ಅಧಿಕಾರ ಜಾತ್ರೆಯ ದಿನ ನಡೆಯುವುದಿಲ್ಲ.

ದೋಣಿಯ ಒಡಲನ್ನು ನೀರು ದಾಟದ ಅಡ್ಡಗೋಡೆಗಳಿಂದ ಕೋಣೆ ಕೋಣೆಯಾಗಿ ಕಟ್ಟಿರಬೇಕು, ಕನಿಷ್ಠ ಆರು. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ಕೋಣೆಗಳೇ ಇಲ್ಲದ ಅದೇ ಅಳತೆಯ ಪಾಂಟೂನಿನ ತಳದಲ್ಲಿ ಬರೀ 10 ಸೆಂಟಿಮೀಟರ್ ನೀರು ನಿಂತರೂ ಅದು 6 ಟನ್. ಆ 6 ಟನ್ ಒಂದೆಡೆ ಕೂತಿರುವುದಿಲ್ಲ. ದೋಣಿ ಎಡಕ್ಕೆ ವಾಲಿದರೆ ನೀರೆಲ್ಲ ಎಡಕ್ಕೆ ಓಡಿ ವಾಲುವಿಕೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪ್ರತಿ ಕೋಣೆಗೂ ಮುಚ್ಚಳ, ಮುಚ್ಚಳಕ್ಕೆ ರಬ್ಬರ್ ಪಟ್ಟಿ, ನೀರು ಅಳೆಯಲು ಕೊಳವೆ ಇರಬೇಕು. ಬೆಳಿಗ್ಗೆ ಮೊದಲ ಟ್ರಿಪ್ಪಿಗೆ ಮುನ್ನ ಪ್ರತಿ ಕೊಳವೆಗೂ ಸರಳು ಇಳಿಸಿ ನೋಡಿ ಪುಸ್ತಕದಲ್ಲಿ ಬರೆಯಬೇಕು. ನಿನ್ನೆ ಒಣಗಿದ್ದ ಕೋಣೆಯಲ್ಲಿ ಇಂದು ಎರಡು ಇಂಚು ಕಂಡರೆ ಎಲ್ಲೋ ಬೆಸುಗೆ ಬಿಟ್ಟಿದೆ ಎಂದರ್ಥ. ಆ ದಿನ ದೋಣಿ ನಿಲ್ಲಿಸಬೇಕು, ಪಂಪು ಹಾಕಿ ನೀರು ತೆಗೆದು ಓಡಿಸುತ್ತಲೇ ಇರಬಾರದು.

ಹತ್ತಿಸುವ ಕ್ರಮವನ್ನು ಫಲಕದಲ್ಲಿ ಬರೆಸಿ ಹಾಕಿ. ಭಾರದ ಗಾಡಿ ಮೊದಲು, ಅದೂ ನಟ್ಟನಡುವೆ. ಬೈಕು ಎರಡೂ ಬದಿಗೆ ಸಮನಾಗಿ. ಗಾಡಿ ನಿಂತ ಮೇಲೆ ಇಂಜಿನ್ ಬಂದ್, ಹ್ಯಾಂಡ್ ಬ್ರೇಕ್, ಗೇರು, ಗಾಲಿಯ ಹಿಂದೆ ಮುಂದೆ ಕಟ್ಟಿಗೆಯ ಅಡ್ಡ. ಗಾಡಿ ಹತ್ತುವಾಗಲೂ ಇಳಿಯುವಾಗಲೂ ಡ್ರೈವರ್ ಬಿಟ್ಟು ಒಳಗೆ ಯಾರೂ ಇರಕೂಡದು. ಹೊಳೆ ದಾಟುವಾಗ ಡ್ರೈವರೂ ಕೆಳಗಿಳಿದು ನಿಲ್ಲಬೇಕು. ಎ.ಸಿ. ಹಾಕಿ ಗಾಜು ಏರಿಸಿ ಒಳಗೇ ಕೂರುವವರ ಜೊತೆ ಜಗಳವಾಗುವುದು ಖಂಡಿತ. ಕಾರು ನೀರಿಗೆ ಜಾರಿದರೆ ಹೊರಗಿನ ನೀರಿನ ಒತ್ತಡಕ್ಕೆ ಬಾಗಿಲು ತೆರೆಯುವುದಿಲ್ಲ ಎಂಬುದನ್ನು ಅವರಿಗೆ ಹೇಳಿದರೆ ಮುಖ ಸಿಂಡರಿಸುತ್ತಾರೆ.

ಇಂಜಿನ್ ಕೋಣೆಯ ವಿಚಾರ ಚುಟುಕಾಗಿ ಹೇಳುತ್ತೇವೆ. ನಮ್ಮ ನೀರಿನಲ್ಲಿ ಮಣ್ಣು ಹೆಚ್ಚು, ಅಂತರಗಂಗೆ ಕಳೆಯೂ ಉಂಟು. ಹೊಳೆಯ ನೀರನ್ನೇ ಎಳೆದು ತಣ್ಣಗಾಗುವ ಇಂಜಿನ್ ತಂದರೆ ಜಾಲರಿ ಕಟ್ಟಿ, ಪಂಪಿನ ರಬ್ಬರ್ ಎಸಳು ಸವೆದು, ಇಂಜಿನ್ ಕಾದು ನಡುಹೊಳೆಯಲ್ಲಿ ನಿಲ್ಲುತ್ತದೆ. ದೋಣಿಯ ತಳದ ಹೊರಗೆ ಕೊಳವೆ ಹಾಯಿಸಿ ಒಳಗಿನ ನೀರನ್ನೇ ತಿರುಗಿಸಿ ತಣಿಸುವ ವ್ಯವಸ್ಥೆ ನಮಗೆ ಒಳ್ಳೆಯದು. ಇಂಜಿನ್ ಎರಡು ಇರಲಿ, ಪಂಖವೂ ಎರಡು. ಗಂಟೆಗೆ 4 ಕಿಲೋಮೀಟರ್ ಸೆಳವಿನಲ್ಲಿ ಒಂಟಿ ಇಂಜಿನ್ ಕೆಟ್ಟು ಐದು ನಿಮಿಷ ಕಳೆದರೆ ದೋಣಿ 330 ಮೀಟರ್ ಕೆಳಗೆ ಹೋಗಿರುತ್ತದೆ. ಲಂಗರು ಮೂತಿಯಲ್ಲೇ ಸಿದ್ಧವಿರಬೇಕು, ಅದರ ಹಗ್ಗ ನೀರಿನ ಆಳದ ಐದು ಪಟ್ಟಾದರೂ ಉದ್ದವಿರಬೇಕು. ಕೆಲವೆಡೆ ಲಂಗರು ಮೂಲೆಯಲ್ಲಿ ಡೀಸೆಲ್ ಡಬ್ಬಗಳ ಕೆಳಗೆ ಬಿದ್ದಿರುವುದನ್ನು ನೋಡಿದ್ದೇವೆ.

ಸೆಳವಿನ ಮಾತು ಬಂತು. ದೋಣಿಯ ಓಟ ಗಂಟೆಗೆ 8 ಕಿಲೋಮೀಟರ್, ಸೆಳವು 4 ಇದ್ದರೆ ನೇರ ದಾಟಲು ಮೂತಿಯನ್ನು ಮೂವತ್ತು ಡಿಗ್ರಿ ಮೇಲ್ಹೊಳೆಯ ಕಡೆ ತಿರುಗಿಸಿ ಹಿಡಿಯಬೇಕು. ಸೆಳವೂ 8 ಆದರೆ ಯಾವ ಕೋನದಲ್ಲಿ ಹಿಡಿದರೂ ಎದುರಿನ ಘಾಟು, ಅಂದರೆ ದೋಣಿ ನಿಲ್ಲುವ ಜಾಗ, ಸಿಗುವುದಿಲ್ಲ. ಆಲಮಟ್ಟಿ, ನಾರಾಯಣಪುರದ ಗೇಟುಗಳು ತೆರೆದಾಗ ಲೆಕ್ಕ ಬೇರೆಯೇ ಆಗುತ್ತದೆ. 2019ರ ಆಗಸ್ಟಿನಲ್ಲಿ ಬಸವಸಾಗರದಿಂದ ಲಕ್ಷಗಟ್ಟಲೆ ಕ್ಯುಸೆಕ್ ಹರಿದು ಕೊಳ್ಳೂರು–ಹೂವಿನಹೆಡಗಿ ಸೇತುವೆ ಮುಳುಗಿತ್ತು. 2020ರ ಅಕ್ಟೋಬರಿನಲ್ಲಿ ಭೀಮೆ ಕಲಬುರಗಿ, ಯಾದಗಿರಿ ಎರಡೂ ಜಿಲ್ಲೆಗಳ ದಂಡೆಯನ್ನು ನುಂಗಿದಳು. ಅಂಥ ದಿನ ದೋಣಿ ಬಿಡಿ ಎಂದು ಯಾರೂ ಒತ್ತಾಯಿಸಬಾರದು. ನಮಗೆ ಬೇಕಾದದ್ದು ಮುನ್ಸೂಚನೆ. ಗೇಟಿನ ಮಾಹಿತಿ ಈಗ ಊರಿಗೆ ಡಂಗುರದಿಂದ, ಪಂಚಾಯಿತಿಯ ಗಾಡಿಯ ಮೈಕಿನಿಂದ ಬರುತ್ತದೆ. ನಡುಹೊಳೆಯಲ್ಲಿ ಇಂಜಿನ್ ಸದ್ದಿನ ಪಕ್ಕ ನಿಂತವನಿಗೆ ಡಂಗುರ ಕೇಳೀತೇ? ಗೇಟು ಎತ್ತುವ ಮುನ್ನ ದೋಣಿಯ ಫೋನಿಗೆ ನೇರ ಕರೆ ಬರಲಿ. ಘಾಟಿನಲ್ಲಿ ಮಟ್ಟ ತೋರುವ ಅಳತೆಪಟ್ಟಿ ನೆಟ್ಟು, ಇಷ್ಟಕ್ಕೆ ವಾಹನ ಬಂದ್, ಇಷ್ಟಕ್ಕೆ ಜನವೂ ಬಂದ್ ಎಂದು ಕೆಂಪು ಗುರುತು ಹಾಕಿಸಿ. ಏಪ್ರಿಲ್, ಮೇ ತಿಂಗಳ ಸಂಜೆ ಏಳುವ ಬಿರುಗಾಳಿಯೂ ಸೆಳವಿನಷ್ಟೇ ಕೆಟ್ಟದ್ದು. ಚಪ್ಪಟೆ ದೋಣಿ, ಮೇಲೆ ತಗಡಿನ ಸೂರು ಬೇರೆ ಇದ್ದರೆ ಗಾಳಿಗೆ ಹಾಯಿ ಕಟ್ಟಿಕೊಟ್ಟಂತೆ. ಸೂರು ಬೇಡವೆನ್ನುವುದಿಲ್ಲ, ನಮ್ಮ ಬಿಸಿಲು ಅಂಥದ್ದು. ಆದರೆ ಅದರ ಮೇಲೆ ಯಾರೂ ಹತ್ತದಂತೆ ಏಣಿಯನ್ನೇ ಇಡಬೇಡಿ.

2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಮಂದಿ. ತಾನೂರಿನದು ಎರಡು ಅಂತಸ್ತಿನ ದೋಣಿ, ಅಳತೆ ಮೀರಿ ಮಂದಿಯನ್ನು ಹೊತ್ತಿತ್ತು. ಅಲ್ಲಿ ಸತ್ತವರಲ್ಲಿ ಎಷ್ಟೋ ಮಕ್ಕಳು. ಜೀವರಕ್ಷಕ ಅಂಗಿ ಎಂದರೆ ದೊಡ್ಡವರ ಅಳತೆಯ ಐವತ್ತು ತಂದು ಪೆಟ್ಟಿಗೆಗೆ ಬೀಗ ಹಾಕುವುದಲ್ಲ. ಮಕ್ಕಳ ಅಳತೆಯವು ಬೇರೆ ಬೇಕು, ದೊಡ್ಡ ಅಂಗಿಯಿಂದ ಮಗು ಕೆಳಗೆ ಜಾರಿಹೋಗುತ್ತದೆ. ಹತ್ತುವಾಗಲೇ ತೊಡಿಸಬೇಕು. ಬಿಸಿಲಿಗೆ ಬಣ್ಣ ಹಾರಿ ಬಟ್ಟೆ ಪಿಸಿಯುವಂತಾದರೆ ಬದಲಿಸಬೇಕು.

ದೋಣಿಯನ್ನು ಎಲ್ಲಿಂದ ತರಬೇಕೆಂದು ಕೇಳಿದರೆ ಶರಾವತಿ ಹಿನ್ನೀರಿನ ಕಡೆ ಬೆರಳು ತೋರಿಸುವವರಿದ್ದಾರೆ. ಸಿಗಂದೂರಿನ ದಾರಿಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ದಶಕಗಳ ಕಾಲ ಬಸ್ಸು, ಕಾರು, ಜನರನ್ನು ದಾಟಿಸಿದ ಲಾಂಚುಗಳಿವೆ. 2025ರ ಜುಲೈ 14ರಂದು ಅಲ್ಲಿ ಸೇತುವೆ ಉದ್ಘಾಟನೆಯಾಯಿತು. ಅಲ್ಲಿ ಬಿಡುವಾದದ್ದನ್ನು ಇಲ್ಲಿಗೆ ತನ್ನಿ ಎಂಬುದು ಒಳ್ಳೆಯ ಮಾತೇ. ಆದರೆ ಅಷ್ಟು ಅಗಲದ ಲಾಂಚನ್ನು ಇಡಿಯಾಗಿ ರಸ್ತೆಯಲ್ಲಿ ತರಲಾಗದು. ಕೊಯ್ದು ತಂದು ಇಲ್ಲಿ ಬೆಸೆಯಬೇಕು. ಹಳೆಯ ತಗಡಿನ ದಪ್ಪ ಎಷ್ಟು ಉಳಿದಿದೆ ಎಂದು ಮೊದಲು ಯಂತ್ರದಿಂದ ಅಳೆಸಿ. ಕಾಲುಭಾಗ ಸವೆದ ತಗಡನ್ನು ಬದಲಿಸುವ ಖರ್ಚನ್ನೂ ಸೇರಿಸಿದ ಮೇಲೆ ಹೊಸದೇ ಅಗ್ಗವಾದೀತು. ರಸ್ತೆಯಲ್ಲಿ ಲಾರಿಯ ಮೇಲೆ ತರಬಲ್ಲ ತುಂಡುಗಳನ್ನು ದಂಡೆಯಲ್ಲಿ ಬೋಲ್ಟಿನಿಂದ ಜೋಡಿಸುವ ಪಾಂಟೂನ್ ನಮ್ಮ ಜಿಲ್ಲೆಗೆ ಹೆಚ್ಚು ಹೊಂದುತ್ತದೆ. ಶರಾವತಿಯಿಂದ ತರಬೇಕಾದ ಇನ್ನೊಂದು ಪಾಠವೂ ಉಂಟು. ಅಷ್ಟು ವರ್ಷ ಪಳಗಿದ ಆ ಲಾಂಚುಗಳೂ ನೀರು ತೀರ ಇಳಿದ ಬೇಸಿಗೆಗಳಲ್ಲಿ ವಾಹನ ಹತ್ತಿಸುವುದನ್ನು ನಿಲ್ಲಿಸಬೇಕಾಗುತ್ತಿತ್ತು. ದಂಡೆಯ ಮಾತನ್ನು ನಾವು ಮತ್ತೆ ಮತ್ತೆ ಎತ್ತುತ್ತಿರುವುದು ಇದಕ್ಕೇ.

ನಡೆಸುವ ವ್ಯವಸ್ಥೆಯ ಬಗ್ಗೆ ನಮ್ಮ ಆಕ್ಷೇಪವೊಂದಿದೆ. ಹೊಳೆ ದಾಟಿಸುವ ಹಕ್ಕನ್ನು ವರ್ಷದ ಹರಾಜಿಗೆ ಕೊಡುವ ಪದ್ಧತಿಯನ್ನು ಈ ದೋಣಿಗೆ ತರಬೇಡಿ. ಒಂದೇ ವರ್ಷಕ್ಕೆ ಹಿಡಿದವನು ಆ ವರ್ಷದಲ್ಲೇ ಕೊಟ್ಟ ಹಣ ಎತ್ತಬೇಕು. ಅವನು ಮೇ ತಿಂಗಳಲ್ಲಿ ದೋಣಿಯನ್ನು ಹದಿನೈದು ದಿನ ದಂಡೆಗೆ ಎಳೆದು, ತುಕ್ಕು ಕೆತ್ತಿ, ರೆಡ್ ಆಕ್ಸೈಡ್ ಹೊಡೆದು, ತಳಕ್ಕೆ ಡಾಂಬರಿನ ಬಣ್ಣ ಬಳಿದು, ಹಲಗೆಯ ಕೀಲು ಬಿಚ್ಚಿ ಗ್ರೀಸ್ ತುಂಬಿ, ಸವೆದ ತಂತಿಹಗ್ಗ ಬದಲಿಸುತ್ತಾನೆಯೇ? ಮಾಡುವುದಿಲ್ಲ, ಅವನ ಮೇಲೆ ಸಿಟ್ಟಾಗುವುದರಲ್ಲೂ ಅರ್ಥವಿಲ್ಲ, ಮುಂದಿನ ವರ್ಷ ದೋಣಿ ಬೇರೆಯವನ ಪಾಲು. ದೋಣಿಯ ಸೇವೆಯನ್ನು ಸರಕಾರವೇ ನಡೆಸಲಿ. ಇಲ್ಲವೆ ಐದು ವರ್ಷಕ್ಕೆ ಕೊಟ್ಟು, ದುರಸ್ತಿಯ ಹಣವನ್ನು ಬೇರೆ ಖಾತೆಯಲ್ಲಿಟ್ಟು, ದುರಸ್ತಿಯ ದಿನಗಳನ್ನು ಕರಾರಿನಲ್ಲೇ ಬರೆಯಲಿ. ಆ ಹದಿನೈದು ದಿನ ಜನ ಏನು ಮಾಡಬೇಕು ಎಂಬುದಕ್ಕೆ ಚಿಕ್ಕ ದೋಣಿಯೊಂದು ಯಾವಾಗಲೂ ಜೊತೆಗಿರಲಿ. ಅವಘಡವಾದರೆ ರಕ್ಷಣೆಗೂ ಅದೇ ಬೇಕು.

ಕೆಲಸಗಾರರ ವಿಷಯ. 2021ರ ಒಳನಾಡು ನೌಕೆಗಳ ಕಾಯ್ದೆ ಯಂತ್ರದ ದೋಣಿಗೆ ನೋಂದಣಿ, ಸರ್ವೆ, ವಿಮೆ, ನಡೆಸುವವರಿಗೆ ಅರ್ಹತಾ ಪತ್ರ ಕೇಳುತ್ತದೆ. ಯಂತ್ರವಿಲ್ಲದ ದೋಣಿಗಳ ಬಗ್ಗೆಯೂ ಅದರಲ್ಲಿ ಹೇಳಿದೆ. ಇದು ಬೇಕಾದದ್ದೇ, ನಾವು ವಿರೋಧಿಸುವುದಿಲ್ಲ. ಆದರೆ ಸರ್ವೆ, ಪರೀಕ್ಷೆ ಎಲ್ಲಕ್ಕೂ ಕರಾವಳಿಗೆ ಹೋಗಿ ಬರಬೇಕೆಂದರೆ ದಿನಗೂಲಿಯ ಅಂಬಿಗ ಹೋಗಲಾರ. ವರ್ಷಕ್ಕೆರಡು ಸಲ ಯಾದಗಿರಿಯಲ್ಲೇ ಶಿಬಿರ ಮಾಡಿ, ದೋಣಿಗಳನ್ನು ದಂಡೆಗೇ ಬಂದು ನೋಡಿ, ಪರೀಕ್ಷೆಯನ್ನು ಕನ್ನಡದಲ್ಲಿ ನಡೆಸಿ. ದೋಣಿ ನಡೆಸುವ ಸ್ರಾಂಗ ಮತ್ತು ಇಂಜಿನ್ ಡ್ರೈವರ್ ಹೊರಗಿನಿಂದ ಬಂದರೂ ಹಗ್ಗ ಹಿಡಿಯುವ, ಆಳ ನೋಡುವ ಖಲಾಸಿಗಳು ಈ ದಂಡೆಯ ಅಂಬಿಗರೇ ಆಗಿರಲಿ. ಯಾವ ಮಡುವಿನಲ್ಲಿ ಮುಳುಗಡೆಯಾದ ಊರಿನ ಗೋಡೆ ಉಳಿದಿದೆ, ಎಲ್ಲಿ ಬೇವಿನ ಬೊಡ್ಡೆ ನೀರಿನ ಕೆಳಗೆ ಎರಡು ಅಡಿಯಲ್ಲಿ ಕಾದಿದೆ ಎಂಬುದು ಯಾವ ನಕ್ಷೆಯಲ್ಲೂ ಇಲ್ಲ, ಅವರ ಗಳಕ್ಕೆ ಗೊತ್ತು. ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371(ಜೆ) ವಿಧಿ ಕೊಟ್ಟ ಉದ್ಯೋಗದ ಹಕ್ಕು ಈ ಹುದ್ದೆಗಳಿಗೂ ಅನ್ವಯವಾಗಲಿ. ಇಳಿಜಾರಿನ ಖರ್ಚಿಗೆ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಯ ಅನುದಾನ ಕೇಳಬಹುದು. ಪ್ರಸ್ತಾವನೆಯ ಜೊತೆ ನಿಲ್ಲಲು ದಂಡೆಯ ಹಳ್ಳಿಗಳೆಲ್ಲ ಸಿದ್ಧ.

ಹೆಣ್ಣುಮಕ್ಕಳ ಮಾತನ್ನೂ ಇಲ್ಲಿ ಸೇರಿಸಬೇಕು. ದೋಣಿ ಕಾಯುವುದೆಂದರೆ ಗಂಟೆಗಟ್ಟಲೆ ಬಿಸಿಲಿನಲ್ಲಿ ನಿಲ್ಲುವುದು. ನೆರಳಿಲ್ಲ, ಕುಡಿಯುವ ನೀರಿಲ್ಲ, ಶೌಚಾಲಯವಿಲ್ಲ. ಆಚೆ ದಂಡೆಗೆ ಕಳೆ ತೆಗೆಯಲು ಹೋಗುವವರು ಬೆಳಿಗ್ಗೆ ಆರಕ್ಕೇ ಬರುತ್ತಾರೆ. ಸಂಜೆಯ ಕೊನೆಯ ದೋಣಿ ತಪ್ಪಿದರೆ ಅಲ್ಲೇ ರಾತ್ರಿ. ಸಮಯದ ಪಟ್ಟಿಯನ್ನು ಕಚೇರಿಯ ಸಮಯಕ್ಕಲ್ಲ, ಹೊಲದ ಮತ್ತು ಶಾಲೆಯ ಸಮಯಕ್ಕೆ ಮಾಡಿ. ರಾತ್ರಿ ಹೆರಿಗೆಗೆ, ಹಾವು ಕಚ್ಚಿದವರಿಗೆ ದೋಣಿ ಬಿಡಲು ಒಬ್ಬ ಡ್ರೈವರು ಘಾಟಿನಲ್ಲೇ ಮಲಗುವಂತೆ ಕೋಣೆ ಕಟ್ಟಿಸಿ. ಎರಡೂ ದಂಡೆಗೆ ಸೋಲಾರ್ ದೀಪ ಬೇಕು, ದೀಪವಿಲ್ಲದ ಇಳಿಜಾರನ್ನು ಕತ್ತಲಲ್ಲಿ ಹುಡುಕಿ ದೋಣಿ ಹಚ್ಚಲಾಗದು.

ಕೊನೆಗೆ ಸಮಯದ ಮಾತು. ಇಳಿಜಾರಿಗೆ ಅಳತೆ ಹಿಡಿಯಬೇಕಾದದ್ದು ನೀರು ಅತಿ ಕೆಳಗಿರುವಾಗ, ಅಂದರೆ ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದೊಳಗೆ. ಜುಲೈಯಲ್ಲಿ ಮಹಾರಾಷ್ಟ್ರದ ಮಳೆಯ ನೀರು ಬಂದರೆ ಬೊಡ್ಡೆ, ಗೋಡೆ, ಕಲ್ಲು ಎಲ್ಲ ಮುಚ್ಚಿಹೋಗುತ್ತವೆ, ಮತ್ತೆ ಒಂದು ವರ್ಷ ಕಾಯಬೇಕು. ಕಳೆದ ಬೇಸಿಗೆಗಳು ಹಾಗೆಯೇ ಹೋದವು. ಈ ಬೇಸಿಗೆಯಲ್ಲಿ ಎಂಜಿನಿಯರರನ್ನು ಕಳುಹಿಸಿ. ಬರುವ ದಿನವನ್ನು ಎರಡು ದಿನ ಮೊದಲೇ ತಿಳಿಸಿದರೆ ಸಾಕು, ಹರಿಗೋಲು ಮತ್ತು ಅಡಿಯ ಗುರುತು ಹಾಕಿದ ಗಳ ಹಿಡಿದು ಬೆಳಿಗ್ಗೆ ಆರಕ್ಕೆ, ಗಾಳಿ ಏಳುವ ಮುನ್ನ, ಎರಡೂ ದಂಡೆಯಲ್ಲಿ ನಾವು ನಿಂತಿರುತ್ತೇವೆ.

ಇತಿ ತಮ್ಮ ವಿಶ್ವಾಸಿಗಳು,
ಕೃಷ್ಣಾ ಮತ್ತು ಭೀಮಾ ದಂಡೆಯ ದೋಣಿ ಕೆಲಸದವರು,
ಯಾದಗಿರಿ ಜಿಲ್ಲೆ